ಜರಿ ಸಾಕಿದ ವೆಂಕಟಸುಬ್ಬಯ್ಯ

ನಮ್ಮಣ್ಣ ವೆಂಕಟಸುಬ್ಬಯ್ಯನಷ್ಟು ಹಟಮಾರಿಯನ್ನು ಇಡೀ ಮುಂಬಯಿಯಲ್ಲೇ ನಾನು ಕಂಡಿಲ್ಲ. ಅಲ್ಲಿನ ಫೋರ್ಟ್ ಬಡಾವಣೆಯ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಒಬ್ಬಳೇ ಮಗಳು ವಿಭಾ ತಾನು ಮೆಚ್ಚಿದವನನ್ನು ಕಟ್ಟಿಕೊಂಡಳೆಂದು ಮದುವೆಗೂ ಹೋಗಲಿಲ್ಲ, ಆಮೇಲೆ ಮಾತೂ ಬಿಟ್ಟ. ಅತ್ತಿಗೆ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ನಾನು ತಂಗಿ ಪುಟ್ಟಲಕ್ಷ್ಮಿ, ನನ್ನ ಮಾತು ಯಾರಿಗೆ ಬೇಕು!

ಹೋದ ಬೇಸಗೆಯಲ್ಲಿ ವಿಭಾ ಮಲಾಡಿನ ನಮ್ಮ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಗಾಜಿನ ಪೆಟ್ಟಿಗೆ. ಒಳಗೆ ಮರಳು, ಮರಳಿನ ಮೇಲೆ ನೂರು ಕಾಲಿನ, ಗೇಣುದ್ದದ ಕೆಂಪು ಜರಿ.

"ಅಪ್ಪಾ, ಇದು ನಾನು ಸಾಕಿರೋದು, ಮರುಭೂಮಿದು. ನಾವಿಬ್ರೂ ಆರು ತಿಂಗಳು ದೋಹಾಕ್ಕೆ ಹೋಗ್ತಿದೀವಿ. ಇಟ್ಕೊಳ್ಳೋಕೆ ಯಾರೂ ರೆಡಿ ಇಲ್ಲ. ನೋಡ್ಕೋತೀಯಾ?"

"ಅಯ್ಯೋ ರಾಮಾ, ವಿಷದ ಹುಳ ಕಣೇ!" ಎಂದು ನಾನು ಹಿಂದೆ ಸರಿದೆ. ಅಣ್ಣ ಎರಡೂ ಕೈ ಚಾಚಿ ಪೆಟ್ಟಿಗೆ ಇಸಿದುಕೊಂಡ. ಮಗಳು ಬಾಯಿಬಿಟ್ಟು ಕೇಳಿದಳಲ್ಲ, ಅದಕ್ಕೆ.

ಮೊಟ್ಟೆ ಕೂಡ ಹೊಸಿಲು ದಾಟದ ಮನೆ ನಮ್ಮದು. ಅಲ್ಲಿ ಈ ಮಹಾರಾಯ ಜರಿಯ ಊಟಕ್ಕೆಂದು ಸಿಂಕಿನ ಕೆಳಗೆ ಟಾರ್ಚು ಹಿಡಿದು ಜಿರಲೆ ಬೇಟೆಗೆ ಕೂತ! ದಿನಾ ದೀಪ ಹಚ್ಚುವ ಹೊತ್ತಿಗೆ ಮಗಳ ವಿಡಿಯೊ ಕಾಲ್. ಮೊದಮೊದಲು ಜರಿಯನ್ನಷ್ಟೇ ತೋರಿಸುತ್ತಿದ್ದ. ಆಮೇಲೆ "ಊಟ ಆಯ್ತೇನೇ?" ಶುರುವಾಯಿತು. ಒಂದು ದಿನ ಅಳಿಯನೂ ಪರದೆಗೆ ಬಂದ. ಅಣ್ಣ ಅವನಿಗೂ ಕೈ ಮುಗಿದ. ನನ್ನ ಹೊಟ್ಟೆ ತಣ್ಣಗಾಯಿತು.

ಮಳೆ ಹಿಡಿದ ಮೇಲೆ ಪೆಟ್ಟಿಗೆಗೆ ಇರುವೆ ಮುತ್ತಿದವು. ಜರಿಯನ್ನು ಕಚ್ಚಿ ಹಾಕುತ್ತವೆಂದು ಅಣ್ಣನಿಗೆ ಗಾಬರಿ. ಸಕ್ಕರೆ ಡಬ್ಬಿಯ ಸುತ್ತ ನಾವು ಗೀಚುವ ಇರುವೆ ಚಾಕ್‌ಪೀಸನ್ನೇ ತಂದು ಪೆಟ್ಟಿಗೆಯ ಅಂಚಿಗೆಲ್ಲ ಒತ್ತಿ ಒತ್ತಿ ಬಳಿದ. ಪುಡಿ ಒಳಗಿನ ಮರಳಿಗೆ ಉದುರಿತು. ಇರುವೆ ಕೊಲ್ಲುವ ವಿಷ ಜರಿಯನ್ನು ಬಿಡುತ್ತದೆಯೇ? ಬೆಳಿಗ್ಗೆ ನೋಡಿದರೆ ಅದು ಅಂಗಾತ ಬಿದ್ದಿತ್ತು. ಕಾಪಾಡಲು ಹೋಗಿ ನಾನೇ ಕೊಂದೆನಲ್ಲ ಎಂದು ಅಣ್ಣ ಗೊಳೋ ಎಂದು ಅತ್ತ. ಅತ್ತಿಗೆ ತೀರಿಕೊಂಡಾಗಲೂ ಅವನು ಹಾಗೆ ಅತ್ತಿದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಫೋನ್ ಬಂದಾಗ ಏನೂ ಮುಚ್ಚಿಡದೆ ಹೇಳಿದ. "ಹೋಗ್ಲಿ ಬಿಡಪ್ಪ, ನೀನೇನು ಬೇಕಂತ ಮಾಡಿದ್ದಲ್ಲ" ಎಂದು ಹೇಳಿ ವಿಭಾ ಫೋನ್ ಇಟ್ಟಳು.

ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಣ್ಣ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ನನಗೆ ಅಯ್ಯೋ ಪಾಪ ಎನಿಸಿತು, ಸಿಟ್ಟೂ ಬಂತು.

"ಅವಳೇ ಮಾಡ್ಬೇಕಾ? ನೀನೇ ಮಾಡಬಾರ್ದೇನಣ್ಣ?" ಎಂದು ಗದರಿದೆ.

"ಏನಂತ ಮಾಡ್ಲಿ, ಪುಟ್ಟಿ?" ಅಂದ. "ತೋರ್ಸೋಕೆ ಏನಿದೆ?"