ರಾಣಿಯ ಗಡ್ಡ

ಗೌರಿ, ಬಸು, ಮೊನ್ನೆ ರವಿವಾರ ನಾನು ಕತ್ತಿ ಮಸೆಯಲು ಕುಳಿತಾಗ ನೀವಿಬ್ಬರೂ ಬಾಯಿ ತೆರೆದು ನಿಂತದ್ದನ್ನು ನೆನೆದರೆ ನನಗೆ ಈಗಲೂ ನಗು. ಬಸು, ನೀನು ಪಾರ್ಸಲ್‌ನಲ್ಲಿ ತರಿಸಿಕೊಂಡ ಆ ಹಳೆಯ ನಮೂನೆಯ ಕ್ಷೌರದ ಕತ್ತಿ ಮೂರೇ ವಾರದಲ್ಲಿ ಮೊಂಡಾಗಿತ್ತು. "ಕೂದಲಾ ಕೊಯ್ಯೂದಿಲ್ಲಬೇ ಅಜ್ಜಿ, ಜಗ್ಗತೈತಿ. ಒಗದ ಬಿಡತೀನಿ," ಅಂದೆ. ನಾನು ಟ್ರಂಕಿನ ತಳದಿಂದ ತಗಡಿನ ಡಬ್ಬಿ ತೆಗೆದು, ಅದರೊಳಗಿನ ಕಲ್ಲಿಗೆ ನೀರು ಚಿಮುಕಿಸಿದೆ. ಒದ್ದೆ ಕಲ್ಲಿನ ವಾಸನೆ ಬಂದದ್ದೇ ತಡ, ಮೂಡಲಗಿಯ ಈ ಮನೆ ಮರೆಯಾಗಿ ಮಸಗುಪ್ಪಿಯ ನಮ್ಮ ಹಿತ್ತಲು ಕಣ್ಣ ಮುಂದೆ ಬಂತು.

"ಯಾರ ಕಲಿಸಿದ್ರು ನಿನಗ?" ಎಂದು ಗೌರಿ ಕೇಳಿದಳು. "ನಿಮ್ಮಜ್ಜ," ಎಂದಷ್ಟೇ ಹೇಳಿದೆ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ನಾಲ್ಕು ಜನರ ಎದುರು ನಾಲಿಗೆ ಅಂಟಿಕೊಳ್ಳುತ್ತದೆ. ಊರ ಸಾಲೆಯಲ್ಲಿ ಕಲಿತ ಅಕ್ಷರಕ್ಕೆ ಮಾತ್ರ ಅಷ್ಟು ನಾಚಿಕೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಜ್ಜ ಬಯಲಾಟದಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದರು. ಹಗಲೆಲ್ಲ ಕಬ್ಬಿಗೆ ನೀರು ಹಾಯಿಸುವ ಮನುಷ್ಯ ಸೀರೆ ಉಟ್ಟರೆ ಅವರ ಸೆರಗು ನನ್ನ ಸೆರಗಿಗಿಂತ ಚೆನ್ನಾಗಿ ನಿಲ್ಲುತ್ತಿತ್ತು. ಆದರೆ ಈ ರಾಣಿಗೆ ಗಡ್ಡ ಬಹಳ. ಇಂದು ತೆಗೆದರೆ ನಾಳೆಗೆ ಗಲ್ಲದ ಮೇಲೆ ಹಸಿರು ನೆರಳು. ಹಾಗಾಗಿ ಆಟದ ದಿನವೇ, ಬಣ್ಣ ಹಚ್ಚುವ ಮುಂಚೆ, ತಮ್ಮ ಕೈಯಾರೆ ತೆಗೆದುಕೊಳ್ಳುತ್ತಿದ್ದರು.

ಒಂದು ಸಲ ಆಟ ಮುಗಿಸಿ ಬರುವಾಗ ಚಕ್ಕಡಿಯಿಂದ ಬಿದ್ದು ಬಲಗೈ ಮುರಿಯಿತು. ಅವರ ಮಸೆಗಲ್ಲೂ ಜೊತೆಗೇ ಬಿದ್ದು ಎರಡು ತುಂಡಾಯಿತು. ತಿಂಗಳು ಮುಟ್ಟದೆ ಇಟ್ಟ ಕತ್ತಿಗೆ ತುಕ್ಕಿನ ಚುಕ್ಕೆ ಬಂತು. ಅಷ್ಟರಲ್ಲಿ ಹುಕ್ಕೇರಿಯಲ್ಲಿ ಆಟ ನಿಗದಿಯಾಯಿತು, ಅದೂ ಸೋಮವಾರ. ಸೋಮವಾರ ನಮ್ಮ ಕಡೆ ಕ್ಷೌರದವರು ಕತ್ತಿ ಮುಟ್ಟುವುದಿಲ್ಲ.

ಆಟದ ಮಾಸ್ತರರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, "ಗಡ್ಡದ ರಾಣಿನ್ನ ಕಟಗೊಂಡ ಹುಕ್ಕೇರಿಗಿ ಹ್ಯಾಂಗ ಹೋಗೂದೋ ಮಾರಾಯಾ? ಈ ಸಲ ರಾಣಿ ಪಾತ್ರಕ್ಕ ನಾಗನೂರಾಂವನ್ನ ಕರಸ್ತೀನಿ," ಅಂದರು. ಒಮ್ಮೆ ಕೈಬಿಟ್ಟ ಪಾತ್ರ ತಿರುಗಿ ಬರುವುದಿಲ್ಲ ಎಂಬುದು ನಿಮ್ಮಜ್ಜನಿಗೆ ಗೊತ್ತಿತ್ತು. "ಸೋಮವಾರ ಮುಂಜಾನೆ ಬಂದ ನೋಡ್ರಿ, ಆಮ್ಯಾಲ ಹೇಳ್ರಿ," ಅಂದರು. ಮಾಸ್ತರರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ನೀ ತಗೀತಿ ಏನ?"

"ಏನ್ರಿ?"

"ನನ್ನ ಗಡ್ಡಾ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮುಚ್ಚಿಕೊಂಡೇ ಹೂಂ ಅಂದೆ.

ಮೊದಲು ಹೊಸ ಕಲ್ಲು ಬೇಕಿತ್ತು. ಗೋಕಾಕಿಗೆ ಹೋದೆ. ಅಂಗಡಿಯಲ್ಲಿ ನಾಲ್ಕೈದು ಗಂಡಸರು. "ಏನ ಮಸ್ಯಾಕಬೇ ತಂಗಿ?" ಎಂದು ಅಂಗಡಿ ಕಾಕಾ ಕೇಳಿದರು. ಗಂಡನ ಗಡ್ಡದ ಮಾತು ಆ ಗಂಡಸರ ಎದುರು ಹೇಗೆ ಆಡಲಿ? "ಕುಡಗೋಲ್ರಿ," ಎಂದುಬಿಟ್ಟೆ. ಅವರು ಒಂದು ಒರಟು ಕಲ್ಲು ಕೊಟ್ಟರು. ಮನೆಗೆ ಬಂದು, ಜೋಳದ ಕೊಯ್ಲಿಗೆ ಹೊರಟವಳ ಹಾಗೆ ಇದ್ದ ಶಕ್ತಿಯೆಲ್ಲ ಹಾಕಿ ಮಸೆದೆ.

ನಿಮ್ಮಜ್ಜ ಕತ್ತಿಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಇದನ್ನ ಬಡಗ್ಯಾರಿಗಿ ಮಾರೂನು. ಚಲೋ ಗರಗಸ ಆಗೇತಿ," ಎಂದು ನಕ್ಕರು. ಆಮೇಲೆ, "ಅಂಗಡ್ಯಾಗ ಏನಂತ ಕೇಳಿದಿ?" ಅಂದರು. ಹೇಳಿದೆ. ನಗು ನಿಂತಿತು. "ಇನ್ನ ಐದ ದಿನ ಐತಿ," ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಮತ್ತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ. ಅಂಗಡಿ ಮುಟ್ಟಿದವಳೇ ಕಣ್ಣು ಮುಚ್ಚಿ, "ಕುಡಗೋಲಲ್ರಿ ಕಾಕಾ, ನನ್ನ ಗಂಡನ ಗಡ್ಡಾ ತಗಿಯೂ ಕತ್ತಿ! ನಾನs ತಗೀಬೇಕ್ರಿ!" ಅಂದೆ. ಬಾಜೂ ಅಂಗಡಿಯವರೂ ತಿರುಗಿ ನೋಡಿದರು. "ಗಂಡ ಏನ ತಪ್ಪ ಮಾಡ್ಯಾನ್ರಿ ಅಕ್ಕಾರ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ನನಗೂ ನಗು ಬಂತು! ಕಾಕಾ ಮಾತ್ರ ಸ್ಟೂಲು ಹತ್ತಿ, ಮೇಲಿನಿಂದ ಕಾಗದ ಸುತ್ತಿದ ಕಲ್ಲು ಇಳಿಸಿದರು. "ಕೈ ಇಟ್ಟ ನೋಡ, ಬೆಣ್ಣಿ ಇದ್ದಂಗ ಐತಿ. ಒತ್ತಬ್ಯಾಡ ತಂಗಿ. ಕತ್ತಿ ತನ್ನ ಭಾರದಲೇ ಹೋಗಬೇಕು."

ಒತ್ತದೆ ಇರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ರೊಟ್ಟಿ ಬಡಿದ ಕೈ ಇದು! ದಪ್ಪ ಬೆನ್ನು, ಹರಿತವಾದ ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಕತ್ತಿಯನ್ನು ಮಲಗಿಸಿ, ಬಾಯಿ ಮುಂದಾಗಿ ತಳ್ಳಬೇಕು. ತುದಿಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ತಿರುಗಿ ಎಳೆಯಬೇಕು. ನಿಮ್ಮಜ್ಜ ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಿದ್ದರು. "ಒತ್ತಿದಿ," ಅನ್ನುವರು, ನೋಡದೆಯೇ. ಕಲ್ಲಿನ ಕೆಲಸ ಮುಗಿದ ಮೇಲೆ ಚರ್ಮದ ಪಟ್ಟಿಯ ಮೇಲೆ ಸವರಿ ನಯ ಮಾಡಬೇಕು. ಅಲ್ಲಿ ಬೆನ್ನು ಮುಂದಾಗಬೇಕು. ಮರೆತು ಬಾಯಿ ಮುಂದೆ ಮಾಡಿದೆ, ಪಟ್ಟಿ ಸೀಳಿತು. ಕಡೆಗೆ ಎತ್ತಿನ ಕೊರಳ ಪಟ್ಟಿಯ ಗೆಜ್ಜೆ ಬಿಚ್ಚಿ ಅದನ್ನೇ ಕಂಬಕ್ಕೆ ಕಟ್ಟಿದೆವು.

ಪರೀಕ್ಷೆಗೆ ನನ್ನ ಜಡೆಯ ಕೂದಲು. ತುದಿ ಹಿಡಿದು ಕತ್ತಿಯ ಬಾಯಿಗೆ ತಾಗಿಸಿದರೆ ಬಾಗುವುದು, ಜಾರುವುದು. ಶನಿವಾರಕ್ಕೆ ಜಡೆ ಸಣ್ಣದಾಯಿತೇನೋ ಅನಿಸಿತು. ರವಿವಾರ ಮಧ್ಯಾಹ್ನ ತಾಗಿಸಿದ ಕೂದಲು ಸದ್ದಿಲ್ಲದೆ ಎರಡಾಯಿತು. ನಾನು ಕೂಗಿದ ಕೂಗಿಗೆ ಹಿತ್ತಲಿನ ಕೋಳಿಗಳು ಚೆದುರಿ ಓಡಿದವು.

ಸೋಮವಾರ ಬೆಳಿಗ್ಗೆ ಸಾಬೂನು ಹಚ್ಚಿ ನಿಂತೆ. ಕತ್ತಿ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. "ಮೂಗ ಒಂದ ಬಿಟ್ಟ ಏನಾರ ಮಾಡ. ರಾಣಿಗಿ ನತ್ತ ಹಾಕಬೇಕು," ಅಂದರು. ನಗುತ್ತಲೇ ಮೊದಲ ಎಳೆತ ಎಳೆದೆ. ಗಡ್ಡ ನೊರೆಯ ಜೊತೆ ತಾನೇ ಬಂತು, ರಕ್ತದ ಒಂದು ಹನಿಯೂ ಇಲ್ಲ. ಮಾಸ್ತರರು ಬಂದು ಗಲ್ಲದ ಮೇಲೆ ಬೆರಳಾಡಿಸಿ, "ಯಾರ ತಗದಾರೋ ಇದನ್ನ?" ಅಂದರು. ನಾನು ಬಾಗಿಲ ಹಿಂದೆ ಸರಿದೆ.

ಹುಕ್ಕೇರಿಯಲ್ಲಿ ರಾಣಿ ಮುರಿದ ಕೈಯನ್ನು ಸೆರಗಿನಲ್ಲಿ ಮರೆಸಿ ಕುಣಿಯುವಾಗ, ನನ್ನ ಬಾಜೂ ಕುಳಿತ ಹೆಂಗಸು, "ರಾಣಿ ಗಲ್ಲಾ ನೋಡ್ರೆವಾ, ಎಷ್ಟ ನುಣುಪ!" ಅಂದಳು. ಮಾತು ತುಟಿಯವರೆಗೆ ಬಂದು ನಿಂತಿತು. ನಿಮ್ಮಜ್ಜನ ಕೈ ಕೂಡಿಕೊಂಡಿತು, ರಾಣಿಯ ಪಾತ್ರ ಅವರಿಗೇ ಉಳಿಯಿತು, ಮಸೆಯುವ ಕೆಲಸ ಕೊನೆಯವರೆಗೂ ನನ್ನದೇ ಆಯಿತು. ಆ ಮಾತು ಮಾತ್ರ ನಾನು ಯಾರಿಗೂ ಆಡಲಿಲ್ಲ.

ಮೊನ್ನೆ ಬಸು ನಾನು ಮಸೆದ ಕತ್ತಿಯಿಂದ ಗಡ್ಡ ತೆಗೆದುಕೊಂಡು ಗಲ್ಲ ಸವರಿಕೊಳ್ಳುತ್ತ, "ಅಜ್ಜನ್ನ ನೀನs ಬೋಳಸ್ತಿದ್ದೇನ?" ಎಂದು ಚೇಷ್ಟೆಗೆ ಕೇಳಿದ. ಆಗ ನಾಚಿ ಒಳಗೆ ಹೋದೆ. ಈಗ ಬರೆಯುತ್ತೇನೆ: ಹೌದಪ್ಪಾ, ಹುಕ್ಕೇರಿಯ ಜನ ನೋಡಿದ ಆ ರಾಣಿಯ ಗಡ್ಡ ನಾನೇ ತೆಗೆದದ್ದು.

ಈ ಹಾಳೆಗಳನ್ನು ಕಲ್ಲಿನ ಜೊತೆ ಅದೇ ಡಬ್ಬಿಯಲ್ಲಿ ಜೋಪಾನವಾಗಿ ಇಡಿ. ಕಲ್ಲು ಒಣಗಿದ ಮೇಲೆಯೇ ಇಡಿ, ಇಲ್ಲವಾದರೆ ಅಕ್ಷರ ಕಲೆಸೀತು.