ಸೀಲಿನ ಮೇಲೆ ಕುಂಕುಮ

ಕೊಡಿಗೇಹಳ್ಳಿಯ ನಮ್ಮ ಪುಟ್ಟ ಆಫೀಸಿಗೆ ಕೆಲಸ ಕೊಡುವ ಕಂಪನಿಯದ್ದು ಒಂದೇ ಷರತ್ತು, ಕಂಪ್ಯೂಟರುಗಳನ್ನು ಯಾರೂ ಬಿಚ್ಚಬಾರದು. ಅದಕ್ಕೇ ಪ್ರತಿ ಸಿಪಿಯು ಡಬ್ಬದ ಸಂದಿಗೂ ನಾನೇ ಸೀಲ್ ಸ್ಟಿಕ್ಕರ್ ಅಂಟಿಸಿದ್ದೆ. ಆಯುಧಪೂಜೆಯ ರಜೆ ಮುಗಿದು ಬಾಗಿಲು ತೆರೆದ ಶುಕ್ರವಾರವೇ ಕಂಪನಿಯ ಸಾಹೇಬರು ತಪಾಸಣೆಗೆ ಬಂದರು. ನೋಡಿದರೆ ಒಂದು ಸ್ಟಿಕ್ಕರೂ ಇಲ್ಲ! ಆ ಜಾಗದಲ್ಲೆಲ್ಲ ದಪ್ಪ ಕುಂಕುಮ.

“ಸೀಲ್ ಎಲ್ಲಿ ಮೇಡಂ?”

ಕೆಲಸ ಕೈತಪ್ಪಿತೆಂದೇ ಅಂದುಕೊಂಡೆ. ಆಫೀಸು ಗುಡಿಸುವ ಲಕ್ಷ್ಮಮ್ಮ ಮಾತ್ರ ಹೆಮ್ಮೆಯಿಂದ, “ನಾನೇ ಸಾರ್, ಕೊಬ್ರಿ ಎಣ್ಣೆ ಹಚ್ಚಿ ಉಜ್ಜಿ ತೆಗ್ದೆ. ಕೊಳೆ ಇಟ್ಕೊಂಡು ಪೂಜೆ ಮಾಡಕ್ಕಾಯ್ತದಾ?” ಅಂದರು.

“ಹಂಗಾದ್ರೆ ಬಿಚ್ಚಿ ನೋಡ್ಲೇಬೇಕು.” ಸಾಹೇಬರು ಸ್ಕ್ರೂಡ್ರೈವರ್ ತೆಗೆದರು. ಕುಂಕುಮದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. “ಇದನ್ನ ಅಳಿಸ್ಬೇಕಲ್ರೀ?”

“ಇವತ್ತು ಶುಕ್ರವಾರ ಸಾರ್,” ಲಕ್ಷ್ಮಮ್ಮ ನೆನಪಿಸಿದರು.

ಸ್ಕ್ರೂಡ್ರೈವರ್ ಚೀಲಕ್ಕೆ ವಾಪಸಾಯಿತು. “ಸೋಮವಾರ ಬರ್ತೀನಿ ಬಿಡಿ. ಅಲ್ಲೀವರೆಗೂ ಇದೇ ಸೀಲು.”

ಸೋಮವಾರ ಲಕ್ಷ್ಮಮ್ಮನೇ ಕೈ ಮುಗಿದು ಕುಂಕುಮ ಒರೆಸಿಕೊಟ್ಟರು. ಒಳಗೆಲ್ಲ ನೆಟ್ಟಗಿತ್ತು, ನಮ್ಮ ಕೆಲಸ ಉಳಿಯಿತು.

ಹೊಸ ಸ್ಟಿಕ್ಕರುಗಳ ಮೇಲೆ ಈಗ ಒಂದೊಂದು ಬೊಟ್ಟು ನಾನೇ ಇಟ್ಟಿದ್ದೇನೆ. ಸ್ಟಿಕ್ಕರ್ ಕೀಳುವವರು ಯಾರಾದರೂ ಸಿಗುತ್ತಾರೆ, ಶುಕ್ರವಾರ ಕುಂಕುಮ ಅಳಿಸುವ ಧೈರ್ಯದವರನ್ನು ನಾನಂತೂ ಇನ್ನೂ ನೋಡಿಲ್ಲ.