ಮಾರ್ಕನಲ್ಲಿ ಕಣ್ಣೀರಿಲ್ಲ

ಎಂ.ಎ. ಮೊದಲ ವರ್ಷದಲ್ಲಿ ನಮಗೆ ಧರ್ಮಗ್ರಂಥಗಳ ತೌಲನಿಕ ಅಧ್ಯಯನ ಎಂಬ ಪತ್ರಿಕೆಯಿತ್ತು. ನಾನು ಅದನ್ನು ಆರಿಸಿಕೊಂಡದ್ದು ಆಸಕ್ತಿಯಿಂದಲ್ಲ. ನನಗೆ ಬೇಕಾಗಿದ್ದ ಜಾನಪದದ ತರಗತಿ ಸಂಜೆ ನಡೆಯುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನಿಂದ ಬಣಕಲ್ಲಿಗೆ ಹೋಗುವ ಬಸ್ಸು ಹೊರಟುಬಿಡುತ್ತಿತ್ತು. ಹೀಗೆ ಬಸ್ಸಿನ ದೆಸೆಯಿಂದ ನಾನು ಬೈಬಲ್ ಓದುವಂತಾಯಿತು.

ಜೊತೆಗಾರರನ್ನು ಹಂಚಿದ್ದೂ ಬಸ್ಸಿನ ಲೆಕ್ಕದಲ್ಲೇ. "ನೀವಿಬ್ರೂ ಮೂಡಿಗೆರೆ ಕಡೆಯವರಲ್ವಾ, ಒಟ್ಟಿಗೆ ಮಾಡಿ" ಎಂದು ಮೇಷ್ಟ್ರು ನನ್ನನ್ನೂ ಸಿಸ್ಟರನ್ನೂ ಜೋಡಿ ಮಾಡಿದರು. ಸಿಸ್ಟರ್ ಮೂಡಿಗೆರೆಯ ಕಾನ್ವೆಂಟಿನಲ್ಲಿದ್ದ ಸನ್ಯಾಸಿನಿ. ಮಂಗಳೂರು ಕಡೆಯವರು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಮುಂದೆ ಓದಲೆಂದು ಅವರ ಮೇಲಿನವರೇ ಕಾಲೇಜಿಗೆ ಕಳಿಸಿದ್ದರು. ತರಗತಿಯ ಉಳಿದವರೆಲ್ಲ ನನ್ನನ್ನು ನೋಡಿ ಹೊಟ್ಟೆಕಿಚ್ಚುಪಟ್ಟರು. ಬೈಬಲ್ ಬಗ್ಗೆ ಬರೆಯಲು ಸಿಸ್ಟರೇ ಸಿಕ್ಕಿದರೆ ಇನ್ನೇನು ಕಷ್ಟ? ನಾನೂ ಹಾಗೇ ಅಂದುಕೊಂಡೆ.

ನಮಗೆ ಬಂದ ವಿಷಯ ಇದು. ಯೇಸು ಊಟಕ್ಕೆ ಕುಳಿತಿದ್ದಾಗ ಒಬ್ಬ ಹೆಂಗಸು ಬಂದು ಬೆಲೆಬಾಳುವ ಸುಗಂಧ ತೈಲವನ್ನು ಅವನ ಮೇಲೆ ಸುರಿಯುತ್ತಾಳೆ. ಈ ಪ್ರಸಂಗ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರು ಬರೆದ ಯೇಸುವಿನ ಚರಿತ್ರೆಗಳಲ್ಲೂ, ಎಂದರೆ ಸುವಾರ್ತೆಗಳಲ್ಲೂ, ಬರುತ್ತದೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಒಂದೇ ಥರ ಇದೆ, ಎಲ್ಲಿ ಬೇರೆ ಎಂದು ಕೋಷ್ಟಕ ಮಾಡಬೇಕು, ಕೊನೆಗೆ ಒಂದು ತೀರ್ಮಾನ ಬರೆಯಬೇಕು. ಒಂದು ಶನಿವಾರದಲ್ಲಿ ಮುಗಿಯುವ ಕೆಲಸ ಎಂದು ಅಮ್ಮನಿಗೆ ಹೇಳಿ ಹೊರಟೆ. ಕಾಫಿ ಕೊಯ್ಲಿನ ಕಾಲ. ಅಂಗಳದ ತುಂಬ ಕಾಫಿ ಹರಡಿತ್ತು, ಬಿಸಿಲು ಚೆನ್ನಾಗಿತ್ತು. "ಮನೇಲಿ ಕಾಫಿ ಕೆದಕೋಕೆ ಜನ ಇಲ್ಲ, ಇವಳಿಗೆ ಕಾನ್ವೆಂಟು" ಎಂದು ಅಮ್ಮ ಗೊಣಗುತ್ತಿದ್ದದ್ದು ಗೇಟಿನವರೆಗೂ ಕೇಳಿಸಿತು.

ಮೊದಲ ಶನಿವಾರ ಪೂರ್ತಿ ನೀರಿನಲ್ಲಿ ಹೋಮ ಆಯಿತು. ನಾನು ಕಾಲೇಜಿನ ಗ್ರಂಥಾಲಯದಿಂದ ಒಂದು ಬೈಬಲ್ ತಂದಿದ್ದೆ. ಸಿಸ್ಟರ್ ಹತ್ತಿರ ಅವರದೇ ಇತ್ತು. ಬೇಗ ಆಗಲಿ ಎಂದು ಮತ್ತಾಯ, ಮಾರ್ಕ ಎರಡನ್ನು ನನ್ನದರಿಂದ ನಾನು ತೆಗೆದುಕೊಂಡೆ, ಲೂಕ, ಯೋಹಾನ ಎರಡನ್ನು ಅವರದರಿಂದ ಅವರು. ಮಧ್ಯಾಹ್ನದ ಹೊತ್ತಿಗೆ ಕಾಗದದ ತುಂಬ ವ್ಯತ್ಯಾಸಗಳು. ಒಂದು ಕಡೆ ಇರುವ ಪದ ಇನ್ನೊಂದು ಕಡೆ ಇಲ್ಲ, ಒಬ್ಬರು ಭರಣಿ ಎಂದರೆ ಇನ್ನೊಬ್ಬರದು ಬೇರೇನೋ. ನನಗೋ ಭಾರೀ ಸಂತೋಷ, ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದೇ ಎಳೆದದ್ದು. ಕೊನೆಗೆ ಸಿಸ್ಟರ್ ಯಾಕೋ ನನ್ನ ಪುಸ್ತಕದಲ್ಲೂ ಲೂಕನನ್ನು ತೆಗೆದು ನೋಡಿದರು.

"ಇದು ಲೂಕನ ವ್ಯತ್ಯಾಸ ಅಲ್ಲ ಮಾರಾಯ್ತಿ. ಕನ್ನಡ ಮಾಡಿದವರ ವ್ಯತ್ಯಾಸ" ಎಂದರು.

ನಿಜ. ನಾನು ತಂದದ್ದು ಒಂದು ಪಂಗಡದವರ ಹಳೆಯ ಅನುವಾದ, ಅವರದು ಇನ್ನೊಂದು ಪಂಗಡದವರ ಹೊಸತು. ನಾವು ಬೆಳಗಿನಿಂದ ಹೋಲಿಸಿದ್ದು ಸುವಾರ್ತೆಗಳನ್ನಲ್ಲ, ಇಬ್ಬರು ಅನುವಾದಕರನ್ನು. ಬರೆದದ್ದನ್ನೆಲ್ಲ ಹರಿದುಹಾಕಿ ಬಸ್ಸು ಹತ್ತಿದೆ.

ಮುಂದಿನ ಶನಿವಾರ ಒಂದೇ ಪುಸ್ತಕ ಇಟ್ಟುಕೊಂಡು ಮೊದಲಿನಿಂದ ಶುರುಮಾಡಿದೆವು. ಸಿಸ್ಟರ್ ಓದಿ ಹೇಳುವುದು, ನಾನು ಮುಖ್ಯವಾದದ್ದನ್ನು ಬರೆದುಕೊಳ್ಳುವುದು. ಮಾರ್ಕನ ಸರದಿ ಬಂತು. ಅವರು ಓದುತ್ತ ಹೋದರು. ಬೇಥಾನ್ಯ ಎಂಬ ಊರು, ಕುಷ್ಠರೋಗಿ ಎನಿಸಿಕೊಂಡಿದ್ದ ಸೀಮೋನನ ಮನೆ, ಹೆಂಗಸು ಬಂದಳು, ಭರಣಿ ಒಡೆದಳು, ತೈಲ ಸುರಿದಳು, ಕಣ್ಣೀರಿನಿಂದ ಪಾದ ತೊಳೆದಳು, ಕೂದಲಿನಿಂದ ಒರೆಸಿದಳು. ನಾನು ಬರೆದುಕೊಂಡೆ. ಆಮೇಲೆ ವಚನದ ಸಂಖ್ಯೆ ಸರಿಯಿದೆಯೇ ಎಂದು ನೋಡಲು ಪುಸ್ತಕ ತಿರುಗಿಸಿದರೆ, ಅಲ್ಲಿ ಕಣ್ಣೀರೂ ಇಲ್ಲ, ಕೂದಲೂ ಇಲ್ಲ. ತೈಲ ಸುರಿದದ್ದು ತಲೆಯ ಮೇಲೆ. ಪಾದದ ಮಾತೇ ಇಲ್ಲ.

"ಸಿಸ್ಟರ್, ಮಾರ್ಕನಲ್ಲಿ ಕಣ್ಣೀರಿಲ್ಲ."

"ಉಂಟು."

"ಇಲ್ಲ ಸಿಸ್ಟರ್, ನೋಡಿ."

"ಉಂಟು ಮಾರಾಯ್ತಿ, ಸಣ್ಣದಿರುವಾಗಿಂದ ಓದಿದ್ದೇನೆ."

ಅವರು ಪುಸ್ತಕ ಎಳೆದುಕೊಂಡು ಒಂದೊಂದು ಪದಕ್ಕೂ ಬೆರಳಿಟ್ಟು ಓದಿದರು. ಪುಟ ಮಗುಚಿದರು, ಹಿಂದಕ್ಕೆ ಬಂದರು, ಮತ್ತೆ ಓದಿದರು. ಆಮೇಲೆ ಪುಸ್ತಕ ಮುಚ್ಚಿ, "ಪ್ರಾರ್ಥನೆಗೆ ಹೊತ್ತಾಯ್ತು" ಎಂದು ಎದ್ದುಹೋದರು. ನನಗೆ ಮೈಯೆಲ್ಲ ಉರಿಯಿತು. ಮೈಗೂಡಿಹೋದದ್ದನ್ನು ಅವರು ಓದುತ್ತಿರಲಿಲ್ಲ, ನೆನಪಿನಿಂದ ಹೇಳುತ್ತಿದ್ದರು, ಕಣ್ಣು ಮಾತ್ರ ಪುಸ್ತಕದ ಮೇಲೆ. ಹಾಗಾದರೆ ಮತ್ತಾಯನದು ಎಂದು ಬರೆದುಕೊಂಡದ್ದರಲ್ಲಿ ಏನೇನು ಸೇರಿದೆಯೋ! ಆ ದಿನದ ಕಾಗದಗಳೂ ಒಲೆಗೆ ಹೋದವು. ಏನೂ ಗೊತ್ತಿಲ್ಲದವರು ಜೊತೆಗೆ ಸಿಕ್ಕಿದ್ದರೆ ಈ ಹೊತ್ತಿಗೆ ಮುಗಿದಿರುತ್ತಿತ್ತು ಎಂದು ಅಮ್ಮನ ಮುಂದೆ ಕೂಗಾಡಿದೆ.

ಸೋಮವಾರ ಮೂಡಿಗೆರೆಯಲ್ಲಿ ಬಸ್ಸು ಹತ್ತಿದ ಸಿಸ್ಟರ್ ನನ್ನ ಪಕ್ಕ ಬಂದು ಕುಳಿತರು. ಮುಖ ಬಾಡಿತ್ತು.

"ನಿನ್ನೆ ಚರ್ಚಲ್ಲಿ ಪೂಜೆ ಆದ ಮೇಲೆ ಮಕ್ಕಳಿಗೆ ಧರ್ಮಪಾಠ ಇತ್ತು. ನಂಗೆ ಬಾಯೇ ಬರಲಿಲ್ಲ" ಎಂದರು.

"ಯಾಕೆ ಸಿಸ್ಟರ್?"

"ನಾನು ಇಷ್ಟು ವರ್ಷ ಹೇಳ್ತಾ ಬಂದ ಹೆಂಗಸು ಯಾವ ಪುಸ್ತಕದಲ್ಲೂ ಇಲ್ಲ. ನಾಲ್ಕೂ ಕೂತು ನೋಡಿದೆ. ಪಾಪ ಮಾಡಿದವಳು, ಅತ್ತವಳು, ಅದು ಲೂಕನಲ್ಲಿ ಮಾತ್ರ. ಅವಳಿಗೆ ಅಲ್ಲಿ ಹೆಸರಿಲ್ಲ. ಹೆಸರಿರುವುದು ಯೋಹಾನನಲ್ಲಿ, ಮರಿಯ ಅಂತ. ಅವಳು ಪಾಪದವಳಲ್ಲ, ಮನೆ ಹೆಂಗಸು, ಅಕ್ಕ ಊಟ ಬಡಿಸ್ತಾ ಇದ್ದಾಳೆ. ಮತ್ತಾಯ, ಮಾರ್ಕ ಇಬ್ರೂ ಹೆಸರೂ ಹೇಳುವುದಿಲ್ಲ, ಪಾಪದ ಸುದ್ದಿಯೂ ಇಲ್ಲ. ನಾನು ಎಲ್ಲವನ್ನೂ ಒಟ್ಟು ಮಾಡಿ, ಮಗ್ದಲದ ಮರಿಯ ಅಂತ ಹೆಸರೂ ಇಟ್ಟು ಹೇಳಿದ್ದೇನೆ. ಮಗ್ದಲ ಊರಿನ ಆ ಮರಿಯ ಬರುವುದು ಲೂಕನ ಮುಂದಿನ ಅಧ್ಯಾಯದಲ್ಲಿ, ಬೇರೆಯೇ ಮಾತಿಗೆ."

ಇಷ್ಟನ್ನೂ ಅವರು ನನ್ನ ಮೇಲೆ ಸಿಟ್ಟಾದವರ ಹಾಗೆ ಹೇಳಿದರು. ನಾನು ಏನು ಮಾಡಿದೆ? ಮೇಷ್ಟ್ರು ಕೊಟ್ಟ ಕೆಲಸ ಮಾಡಿದೆ ಅಷ್ಟೆ. ಆದರೆ ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಅವತ್ತಿನಿಂದ. ಸಿಸ್ಟರ್ ಈಗ ಒಂದು ಪದವನ್ನೂ ಬಿಡುತ್ತಿರಲಿಲ್ಲ. ಅವಳು ಮಾಡಿದ್ದಕ್ಕೆ ಗೊಣಗಿದವರು ಯಾರು? ಮತ್ತಾಯನಲ್ಲಿ ಶಿಷ್ಯರು, ಮಾರ್ಕನಲ್ಲಿ ಅಲ್ಲಿದ್ದ ಕೆಲವರು, ಯೋಹಾನನಲ್ಲಿ ಶಿಷ್ಯ ಯೂದನೊಬ್ಬನೇ, ಲೂಕನಲ್ಲಿ ಊಟಕ್ಕೆ ಕರೆದ ಮನೆಯ ಯಜಮಾನ, ಅದೂ ಮನಸ್ಸಿನೊಳಗೆ. ಆ ಯಜಮಾನನ ಹೆಸರೂ ಸೀಮೋನ! ಆದರೆ ಅವನು ಫರಿಸಾಯರೆಂಬ ಮಡಿವಂತ ಪಂಗಡದವನು, ಕುಷ್ಠರೋಗಿಯಲ್ಲ. ಹಾಗಾದರೆ ಇದು ಒಂದೇ ಘಟನೆಯೋ, ಎರಡೋ, ಮೂರೋ? ಬಸ್ಸಿನಲ್ಲಿ ಇದನ್ನೇ ಜಗಳವಾಡುತ್ತಿದ್ದೆವು. ಒಂದು ದಿನ ಕಂಡಕ್ಟರ್ ಬಂದು, "ಸಿಸ್ಟರ್, ಆ ಸೀಮೋನ ಅನ್ನೋರು ಯಾವ ಎಸ್ಟೇಟಿನವರು? ದಿನಾ ಅವರದ್ದೇ ಮಾತಲ್ಲ" ಎಂದು ಕೇಳಿದ. ನಾವಿಬ್ಬರೂ ನಕ್ಕದ್ದು ಆ ಒಂದು ಸಲ.

ಕೋಷ್ಟಕ ಮುಗಿಯುತ್ತ ಬಂದಾಗ ಸಿಸ್ಟರ್ ಕೊನೆಗೊಂದು ಸಾಲು ಸೇರಿಸೋಣ ಎಂದರು.

"ನಾಲ್ಕರಲ್ಲೂ ಬದಲಾಗದ್ದು ಒಂದುಂಟು ನೋಡು. ಅವಳು ಒಂದು ಮಾತೂ ಆಡುವುದಿಲ್ಲ. ಗಂಡಸರು ಅವಳ ವಿಷಯ ಮಾತಾಡ್ತಾರೆ, ಬೈತಾರೆ, ಹೊಗಳ್ತಾರೆ. ಅವಳು ಬಂದಳು, ಸುರಿದಳು, ಅಷ್ಟೇ."

ನಾನು ಮತ್ತೆ ನಾಲ್ಕನ್ನೂ ಓದಿ ನೋಡಿದೆ. ಹೌದು, ಎಲ್ಲೂ ಅವಳ ಬಾಯಿಂದ ಒಂದು ಶಬ್ದವಿಲ್ಲ. ಇಷ್ಟು ದಿನದ ಕಷ್ಟದಲ್ಲಿ ನಮಗೆ ಸಿಕ್ಕ ಒಂದೇ ಒಂದು ನಮ್ಮದು ಎನ್ನುವ ಮಾತು ಅದು. ದೊಡ್ಡ ಅಕ್ಷರದಲ್ಲಿ ಬರೆದೆವು.

ಮೇಷ್ಟ್ರು ಕರಡು ನೋಡಿದರು. ಪೆನ್ನು ತೆಗೆದು ಮೊದಲು ಆ ಸಾಲನ್ನೇ ಹೊಡೆದುಹಾಕಿದರು.

"ಇದು ಬೇಡ. ಇರೋದನ್ನ ಹೋಲಿಸಿ ಅಂದ್ರೆ ಇಲ್ಲದ್ದನ್ನ ಯಾಕೆ ಬರೀತೀರಿ? ಆಮೇಲೆ ತೀರ್ಮಾನ ಎಲ್ಲಿ?"

"ಒಂದೇ ಘಟನೆಯಾ ಬೇರೆಬೇರೆಯಾ ಅಂತ ಖಚಿತವಾಗಿ ಹೇಳೋಕಾಗಲ್ಲ ಸರ್. ಎರಡೂ ಕಡೆಯ ಕಾರಣ ಬರ್ದಿದ್ದೀವಿ" ಎಂದೆ.

"ಹೇಳೋಕಾಗಲ್ಲ ಅನ್ನೋದು ತೀರ್ಮಾನ ಆಗತ್ತೇನಮ್ಮ? ಅವಳು ಮಗ್ದಲದ ಮರಿಯ, ಒಂದೇ ಘಟನೆ, ನಾಲ್ಕು ನಿರೂಪಣೆ. ಗೈಡಿನಲ್ಲೇ ಇದೆಯಲ್ಲ."

ನಾನು ಸಿಸ್ಟರ್ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, "ಒಂದು ಮಾತಾದ್ರೂ ಆಡಬಾರದಿತ್ತಾ ಸಿಸ್ಟರ್?" ಎಂದು ರೇಗಿದೆ. "ಆಡಿದ್ರೆ ಏನಾಗ್ತಿತ್ತು?" ಎಂದರು. ಗೈಡಿನ ತೀರ್ಮಾನವನ್ನು ಬರೆಯುವುದಿಲ್ಲ ಎಂದು ಮಾತ್ರ ಇಬ್ಬರೂ ಒಪ್ಪಿದೆವು.

ಸೆಮಿನಾರಿನ ದಿನ ನಾನು ಓದಿದೆ, ಸಿಸ್ಟರ್ ಪಕ್ಕದಲ್ಲಿ ನಿಂತಿದ್ದರು. ಲೂಕನ ಈ ಪ್ರಸಂಗದಲ್ಲಿ ಬೇಥಾನ್ಯದ ಹೆಸರಿಲ್ಲ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ಅದನ್ನ ಸಿಸ್ಟರ್ ಹೇಳ್ಲಿ, ಅವರದ್ದಲ್ವಾ ಪುಸ್ತಕ" ಎಂದ. ಅಲ್ಲಿಂದ ಮುಂದೆ ನನ್ನ ಮಾತು ಯಾರಿಗೂ ಬೇಡವಾಯಿತು. ಪ್ರಶ್ನೆಗಳೆಲ್ಲ ಸಿಸ್ಟರಿಗೆ. ಅವರು ಎಲ್ಲದಕ್ಕೂ "ಅವಳು ಓದಿದ್ದು ಸರಿ ಉಂಟು" ಎನ್ನುತ್ತಿದ್ದರು. ಕೊನೆಗೆ ಮೇಷ್ಟ್ರು ನಗುತ್ತ, "ಅದೆಲ್ಲ ಇರಲಿ ಸಿಸ್ಟರ್, ನಿಮ್ಮ ನಂಬಿಕೆ ಪ್ರಕಾರ ಅವಳು ಒಬ್ಬಳೇ ತಾನೆ?" ಎಂದರು.

ಸಿಸ್ಟರ್ ನನ್ನ ಕೈಯಿಂದ ಕೋಷ್ಟಕ ತೆಗೆದುಕೊಂಡರು. ಆಮೇಲೆ ಮೆಲ್ಲಗೆ, "ಸರ್, ನೀವು ನಂಬಿಕೆ ಬರೆದು ತನ್ನಿ ಅನ್ನಲಿಲ್ಲ. ಹೋಲಿಸಿ ತನ್ನಿ ಅಂದ್ರಿ. ಹೋಲಿಸಿದೆವು. ಅವಳು ಒಬ್ಬಳೋ ಅಲ್ವೋ ನಂಗೆ ಗೊತ್ತಿಲ್ಲ" ಎಂದರು.

ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಮೇಷ್ಟ್ರು ಗಡಿಯಾರ ನೋಡಿ, "ಸಮಯ ಆಯ್ತು, ಮುಂದಿನವರು ಬನ್ನಿ" ಎಂದರು.

ಅಂಕ ಬಂದಾಗ ಇಡೀ ತರಗತಿಯಲ್ಲಿ ನಮ್ಮದೇ ಕಡಿಮೆ. ಪಕ್ಕದಲ್ಲಿ ಷರಾ: ತೀರ್ಮಾನವಿಲ್ಲ. ಗೈಡ್ ನೋಡಿ ಬರೆದ ಜೋಡಿಗಳು ಕ್ಯಾಂಟೀನಿನಲ್ಲಿ ನಮ್ಮನ್ನು ಕಂಡು ನಕ್ಕರು.

ಅದಕ್ಕಿಂತ ಹೆಚ್ಚು ಸಿಸ್ಟರನ್ನು ನೋಯಿಸಿದ್ದು ಬಾಳೂರು ಕಡೆಯ ಮಕ್ಕಳು. ಅಲ್ಲಿಯ ಸಣ್ಣ ಚರ್ಚಿಗೂ ಅವರು ಪಾಠಕ್ಕೆ ಹೋಗುತ್ತಿದ್ದರು. ಒಂದು ಭಾನುವಾರ ಜೀಪಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಎಸ್ಟೇಟಿನ ಕೂಲಿಲೈನುಗಳ ಮಕ್ಕಳು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಚಾಪೆಯ ಮೇಲೆ ಕುಳಿತಿದ್ದವು. ಸಿಸ್ಟರ್ ಈ ಸಲ ಒಬ್ಬ ಹೆಂಗಸಿನ ಕಥೆ ಹೇಳಲಿಲ್ಲ. ಮೂರು ಮನೆಗಳ ಕಥೆ ಹೇಳಿದರು, ಬಹಳ ಎಚ್ಚರಿಕೆಯಿಂದ, ಯಾರದ್ದನ್ನು ಯಾರಿಗೂ ಬೆರೆಸದೆ. ಮಾರ್ಕನವಳು ಅಳಲಿಲ್ಲ, ತಲೆಗೆ ಸುರಿದು ಸುಮ್ಮನಾದಳು. ಮಕ್ಕಳು ಆಕಳಿಸಿದವು. ಮುಗಿದ ಮೇಲೆ ಒಂದು ಹುಡುಗಿ ಎದ್ದು ನಿಂತಳು.

"ಸಿಸ್ಟರ್, ಮುಂಚೆ ಹೇಳ್ತಿದ್ರಲ್ಲ, ಅಳೋ ಹೆಂಗ್ಸಿಂದು, ಅದನ್ನ ಹೇಳಿ. ಅದು ಚೆನ್ನಾಗಿತ್ತು."

ಸಿಸ್ಟರ್ ನನ್ನ ಕಡೆ ನೋಡಿದರು. ಅವರು ಲೂಕನದನ್ನು ಮತ್ತೊಮ್ಮೆ, ಹೆಸರಿಲ್ಲದೆ, ಹೇಳಿದರು. "ಅವಳ ಹೆಸರು ಬಿಟ್ಟೋಯ್ತು ಸಿಸ್ಟರ್" ಎಂದು ಎರಡು ಮೂರು ಮಕ್ಕಳು ಒಟ್ಟಿಗೆ ಕೂಗಿದವು.

ವರ್ಷದ ಕೊನೆಗೆ ಸಿಸ್ಟರನ್ನು ಕಳಸದ ಕಡೆಗೆ ವರ್ಗ ಮಾಡಿದರು. ಓದು ಅರ್ಧಕ್ಕೆ ನಿಂತಿತು. ಅಲ್ಲಿ ಶಾಲೆಗೆ ಜನ ಬೇಕಂತೆ. ಅವರು ಯಾರಿಗೂ ದೂರು ಹೇಳಲಿಲ್ಲ, ಅವರ ಪರವಾಗಿ ನಾನೇ ಸಿಕ್ಕಸಿಕ್ಕವರ ಮುಂದೆಲ್ಲ ಸಿಡುಕಿದೆ. ಅದರಿಂದ ಏನೂ ಆಗಲಿಲ್ಲ.

ಎಂಟೊಂಬತ್ತು ತಿಂಗಳ ನಂತರ, ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅವರ ಫೋನು ಬಂತು. ಕ್ಷೇಮಸಮಾಚಾರವೂ ಇಲ್ಲ.

"ಯೇಸು ಎದ್ದುಬಂದ ದಿನ ಬೆಳಿಗ್ಗೆ ಸಮಾಧಿಗೆ ಎಷ್ಟು ಜನ ಹೆಂಗಸರು ಹೋದದ್ದು ನೋಡಿದ್ದೀಯಾ? ಯೋಹಾನನಲ್ಲಿ ಒಬ್ಬಳು. ಮತ್ತಾಯನಲ್ಲಿ ಇಬ್ಬರು. ಮಾರ್ಕನಲ್ಲಿ ಮೂವರು. ಲೂಕನಲ್ಲಿ ಅದಕ್ಕೂ ಹೆಚ್ಚು. ಈಸ್ಟರ್ ಹತ್ತಿರ ಬಂತು, ಮಕ್ಕಳಿಗೆ ನಾಟಕ ಮಾಡಿಸ್ಬೇಕು, ಎಷ್ಟು ಜನಕ್ಕೆ ಸೀರೆ ಉಡಿಸುವುದು ನಾನು?"

"ಸಿಸ್ಟರ್, ಈ ವರ್ಷ ಆ ಪತ್ರಿಕೆಯೇ ಇಲ್ಲ ನಂಗೆ" ಎಂದೆ. ನಿಜಕ್ಕೂ ನನಗೆ ಸಾಕಾಗಿಹೋಗಿತ್ತು.

"ನಂಗೂ ಇಲ್ಲ ಮಾರಾಯ್ತಿ, ಅದೇ ತೊಂದರೆ" ಎಂದರು. "ಈಗ ಕೇಳುವವರು ಯಾರೂ ಇಲ್ಲ, ಆದ್ರೂ ವ್ಯತ್ಯಾಸ ಕಾಣ್ತದೆ."

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಸಂಜೆ ಮಾಡುತ್ತೇನೆಂದು ಹೇಳಿ ಫೋನಿಟ್ಟು ಓಡಿದೆ, ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ.